ಸಂಖ್ಯೆ ತಾಳೆಯಾದರೆ ಸಾಲದು
ಹಳೆಯ ಸೇನಾ ಬಂದೂಕಿನ ಅಸಲಿತನದಿಂದ ವರ್ತಕರು ಕಲಿಯಬಹುದಾದ ಪಾಠ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ವ್ಯಾಪಾರಿಗೆ ಹೊಸದಲ್ಲ. ಚಿನ್ನವನ್ನು ಒರೆಗೆ ಹಚ್ಚದೆ, ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡದೆ, ಬಟ್ಟೆಯ ಎಳೆಯನ್ನು ಬಿಡಿಸದೆ ಕೊಳ್ಳುವವನು ಹೆಚ್ಚು ದಿನ ಅಂಗಡಿ ನಡೆಸಲಾರ. ಆದರೆ ಒಂದು ವಸ್ತುವಿನ ಬೆಲೆ ಅದರ ತೂಕದಲ್ಲಾಗಲಿ, ಗುಣದಲ್ಲಾಗಲಿ, ಉಪಯೋಗದಲ್ಲಾಗಲಿ ಇರದೆ ಕೇವಲ ಅದರ ಚರಿತ್ರೆಯಲ್ಲಿ ಇದ್ದಾಗ ಏನು ಮಾಡಬೇಕು? ಚರಿತ್ರೆಯನ್ನು ಹಚ್ಚಿ ನೋಡುವ ಒರೆಗಲ್ಲು ಯಾವುದು?

ಈ ಪ್ರಶ್ನೆಯನ್ನು ಪರಿಶೀಲಿಸಲು ನಾನು ಆರಿಸಿಕೊಂಡಿರುವ ಉದಾಹರಣೆ, ಎರಡನೆಯ ಮಹಾಯುದ್ಧ ಕಾಲದ ಬ್ರಿಟಿಷ್ ಸ್ನೈಪರ್ ಬಂದೂಕು. ಲೆಕ್ಕಪರಿಶೋಧಕನಿಗೂ ಬಂದೂಕಿಗೂ ಎತ್ತಣ ಸಂಬಂಧ ಎಂದು ವಾಚಕರು ಕೇಳಬಹುದು. ಸಂಬಂಧವಿರುವುದು ಆಯುಧದೊಂದಿಗೆ ಅಲ್ಲ, ಪುರಾವೆಯೊಂದಿಗೆ. ಇಂತಹ ಬಂದೂಕುಗಳ ವಿಧಿವತ್ತಾದ ಸಂಗ್ರಹ ಮಾರುಕಟ್ಟೆ ಬ್ರಿಟನ್, ಅಮೆರಿಕ ಮೊದಲಾದ ದೇಶಗಳದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಟ್ಟುಪಾಡುಗಳಿರುವ ನಮ್ಮಲ್ಲಿ ಅದಕ್ಕೆ ಎಡೆಯಿಲ್ಲ. ಆದರೂ ಆ ಮಾರುಕಟ್ಟೆಯಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ನಿರ್ಣಯಿಸುವ ಕ್ರಮವು ದಾಖಲೆ, ಮೊಹರು, ಪ್ರಮಾಣಪತ್ರಗಳ ನಡುವೆಯೇ ದಿನ ಕಳೆಯುವ ನಮಗೆಲ್ಲ ಪ್ರಸ್ತುತವಾಗಿದೆ.

ಬಂದೂಕಿನ ಹಿನ್ನೆಲೆ

ತ್ರೀ-ನಾಟ್-ತ್ರೀ ಎಂದು ನಮ್ಮ ಜನ ಕರೆಯುವ ಲೀ-ಎನ್‌ಫೀಲ್ಡ್ ಬಂದೂಕು ದಶಕಗಳ ಕಾಲ ನಮ್ಮ ಸೈನಿಕರ ಹಾಗೂ ಪೊಲೀಸರ ಹೆಗಲ ಮೇಲಿದ್ದುದರಿಂದ ಅದರ ಪರಿಚಯ ಅನಗತ್ಯ. ಅದರ ಒಂದು ಮಾದರಿ ನಂ. 4. ಯುದ್ಧಕಾಲದಲ್ಲಿ ಇವು ಲಕ್ಷಗಟ್ಟಲೆ ತಯಾರಾದವು. ಕಾರ್ಖಾನೆಯಲ್ಲಿ ಗುರಿಯ ಪರೀಕ್ಷೆ ನಡೆಸುವಾಗ ಮಿಕ್ಕವುಗಳಿಗಿಂತ ನಿಖರವೆಂದು ಕಂಡವನ್ನು ಪ್ರತ್ಯೇಕಿಸಿ, ಅವುಗಳಿಗೆ ದೂರದರ್ಶಕವನ್ನು ಅಳವಡಿಸಿ ಸ್ನೈಪರ್ ಬಂದೂಕುಗಳನ್ನಾಗಿ ಪರಿವರ್ತಿಸಲಾಯಿತು. ಅವುಗಳ ಹೆಸರು ನಂ. 4 ಮಾರ್ಕ್ 1 (ಟಿ).

ಹೀಗೆ ಆರಿಸಿದ ಬಂದೂಕುಗಳಲ್ಲಿ ಹೆಚ್ಚಿನವು ಬರ್ಮಿಂಗ್‌ಹ್ಯಾಮ್ ಬಳಿಯ ಷರ್ಲಿಯಲ್ಲಿದ್ದ ಬಿ.ಎಸ್.ಎ. ಕಂಪನಿಯ ಕಾರ್ಖಾನೆಯವು. 1942ರಿಂದ ಯುದ್ಧಾಂತ್ಯದವರೆಗೆ ಪರಿವರ್ತನೆಯ ಬಹುಪಾಲು ಕೆಲಸವನ್ನು ನಿರ್ವಹಿಸಿದ್ದು ಲಂಡನ್ನಿನ ಹೆಸರಾಂತ ಬಂದೂಕು ತಯಾರಕರಾದ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯವರು. ಅವರ ಕೈಯಿಂದ ಹೊರಬಂದವು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಕೆನಡಾದ ಲಾಂಗ್ ಬ್ರಾಂಚ್ ಕಾರ್ಖಾನೆಯೂ ತನ್ನದೇ ಆದ ಸ್ವಲ್ಪ ಸಂಖ್ಯೆಯ ಬಂದೂಕುಗಳನ್ನು ತಯಾರಿಸಿತು. ಮೂಲತಃ ಬ್ರೆನ್ ಗನ್ನಿಗಾಗಿ ಯೋಜಿಸಿದ್ದ, ಮೂರು ಪಟ್ಟು ಹಿಗ್ಗಿಸಿ ತೋರಿಸುವ ನಂ. 32 ಎಂಬ ದೂರದರ್ಶಕವನ್ನು ಇವುಗಳಿಗೆ ಜೋಡಿಸಲಾಯಿತು. 1970ರ ದಶಕದ ಆರಂಭದಲ್ಲಿ ಬ್ರಿಟಿಷ್ ಸೇನೆಯು ಇವುಗಳಲ್ಲಿ ಸುಮಾರು ಒಂದು ಸಾವಿರವನ್ನು 7.62 ಮಿ.ಮೀ. ಗುಂಡಿಗೆ ಹೊಂದಿಸಿ ಎಲ್42ಎ1 ಎಂಬ ಹೊಸ ಮಾದರಿಯಾಗಿ ಮಾಡಿಕೊಂಡಿತು. 1982ರ ಫಾಕ್‌ಲೆಂಡ್ ಯುದ್ಧದಲ್ಲಿಯೂ ಅವು ಬಳಕೆಯಲ್ಲಿದ್ದವು. ಉಳಿದವು ಕಾಲಕ್ರಮದಲ್ಲಿ ಹೆಚ್ಚುವರಿ ಸರಕಾಗಿ ಮಾರಾಟವಾದವು, ಹಲವು ದೇಶಗಳಿಗೆ ಹಂಚಿಹೋದವು.

ಇಂದು ಸಂಗ್ರಾಹಕರ ನಡುವೆ ಸಾಧಾರಣ ನಂ. 4 ಬಂದೂಕಿಗೆ ಒಂದು ಬೆಲೆ. ಮೂಲ ದೂರದರ್ಶಕವೂ ಉಳಿದಿರುವ ಅಸಲಿ 'ಟಿ' ಬಂದೂಕಿಗೆ ಅದರ ಹಲವು ಪಟ್ಟು ಬೆಲೆ. ಎರಡರ ಉಕ್ಕು ಒಂದೇ, ಮರ ಒಂದೇ, ಕಾರ್ಖಾನೆಯೂ ಒಂದೇ. ವ್ಯತ್ಯಾಸವಿರುವುದು ಯುದ್ಧಕಾಲದ ಒಂದು ಆಯ್ಕೆಯಲ್ಲಿ ಮತ್ತು ಒಂದು ಕಾರ್ಯಾಗಾರದ ಕೆಲವು ಗಂಟೆಗಳ ಕೆಲಸದಲ್ಲಿ. ಇಷ್ಟು ಅಲ್ಪ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಬೆಲೆಯ ಅಂತರವಿದ್ದಲ್ಲಿ ನಕಲು ಹುಟ್ಟಿಕೊಳ್ಳುವುದು ಅರ್ಥಶಾಸ್ತ್ರದ ಸಹಜ ನಿಯಮ.

ಗುರುತುಗಳು ಏನು ಹೇಳುತ್ತವೆ?

ಅಸಲಿ ಬಂದೂಕಿನ ಮೇಲೆ ಹಲವು ಗುರುತುಗಳಿರುತ್ತವೆ. ಉಕ್ಕಿನ ದೇಹದ ಎಡಬದಿಯಲ್ಲಿ 'ಟಿ' ಎಂಬ ಅಕ್ಷರ. ಬಿ.ಎಸ್.ಎ. ಕಾರ್ಖಾನೆಯಲ್ಲಿ ಆರಿಸಲ್ಪಟ್ಟದ್ದಾದರೆ, ಮರದ ಬಟ್ಟು ಸೇರುವ ಉಕ್ಕಿನ ಭಾಗದ ಮೇಲೆ 'ಟಿಆರ್' ಎಂಬ ಮುದ್ರೆ. ಬಟ್ಟಿನ ಕೆಳಮೈಯಲ್ಲಿ 'ಎಸ್51' ಎಂಬ ಗುರುತು. ಇದು ಯುದ್ಧಕಾಲದಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಗೆ ನೀಡಿದ್ದ ಸಂಕೇತ. ಬಟ್ಟಿನ ಮೇಲ್ಬದಿಯಲ್ಲಿ, ಕೈ ಹಿಡಿಯುವ ಕಿರಿದಾದ ಜಾಗದಲ್ಲಿ, ಆ ಬಂದೂಕಿಗೆ ಹೊಂದಿಸಿದ ದೂರದರ್ಶಕದ ಸಂಖ್ಯೆ. ದೂರದರ್ಶಕವನ್ನು ಹಿಡಿದಿಡುವ ಬ್ರಾಕೆಟ್ಟಿನ ಮೇಲೆ ಬಂದೂಕಿನ ಸಂಖ್ಯೆ. ಅಂದರೆ ಬಂದೂಕು ದೂರದರ್ಶಕವನ್ನು ಹೆಸರಿಸುತ್ತದೆ, ಬ್ರಾಕೆಟ್ಟು ಬಂದೂಕನ್ನು ಹೆಸರಿಸುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಜಮೆಗೆ ಖರ್ಚು ತೋರಿಸುವ ಜೋಡಿ ನಮೂದು.

ಈ ವ್ಯವಸ್ಥೆಗೆ ಕಾರಣ ಅಲಂಕಾರವಲ್ಲ. ಬಂದೂಕಿನ ಎಡಬದಿಗೆ ಎರಡು ಉಕ್ಕಿನ ಪ್ಯಾಡುಗಳನ್ನು ಸ್ಕ್ರೂಗಳಿಂದ ಬಿಗಿದು, ಸ್ಕ್ರೂ ಸಡಿಲಗೊಳ್ಳದಂತೆ ಅದರ ತಲೆಯ ಅಂಚಿನ ಲೋಹವನ್ನು ಗುದ್ದಿ ಭದ್ರಪಡಿಸಲಾಗುತ್ತಿತ್ತು. ನಳಿಗೆಯ ಗೆರೆಯೂ ದೂರದರ್ಶಕದ ಗೆರೆಯೂ ಒಂದಾಗುವಂತೆ ಪ್ರತಿಯೊಂದು ಜೋಡಣೆಯನ್ನು ಬಿಡಿಬಿಡಿಯಾಗಿ ಹೊಂದಿಸಬೇಕಾಗಿತ್ತು. ಒಂದರ ಬ್ರಾಕೆಟ್ಟು ಇನ್ನೊಂದಕ್ಕೆ ಸರಿಯಾಗಿ ಕೂರುವ ಭರವಸೆ ಇರಲಿಲ್ಲ. ಆದ್ದರಿಂದ ಸಂಖ್ಯೆಗಳನ್ನು ಬರೆದಿಡಲಾಯಿತು. ಹೆಗಲಿಗೆ ಆನಿಸಿದಾಗ ಕೆನ್ನೆಯು ದೂರದರ್ಶಕದ ಎತ್ತರಕ್ಕೆ ಬರುವಂತೆ ಬಟ್ಟಿನ ಮೇಲೆ ಮರದ ಕೆನ್ನೆದಿಂಬನ್ನು ಕೂರಿಸಲಾಯಿತು. ಮೂಲ ಹಿಂಗುರಿಯಲ್ಲಿದ್ದ ಸಮೀಪದ ಗುರಿಯ ರಂಧ್ರಭಾಗವನ್ನು ತೆಗೆದುಹಾಕಲಾಯಿತು. ಹೀಗೆ ಪ್ರತಿಯೊಂದು ಗುರುತಿನ ಹಿಂದೆ ಒಂದು ಕೆಲಸವಿದೆ, ಪ್ರತಿಯೊಂದು ಕೆಲಸದ ಹಿಂದೆ ಒಂದು ಕಾರಣವಿದೆ. ಈ ವಿಷಯವನ್ನು ಬ್ರಿಟಿಷ್ ಸೇನೆಯ ಶಸ್ತ್ರತಜ್ಞರಾಗಿದ್ದ ಪೀಟರ್ ಲೇಡ್ಲರ್ ಅವರು ಇಯಾನ್ ಸ್ಕೆನರ್ಟನ್ ಅವರೊಡಗೂಡಿ 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದುರಸ್ತಿಗಾರನ ದೃಷ್ಟಿಯಿಂದ ವಿವರಿಸಿದ್ದಾರೆ.

ಮುದ್ರೆಯನ್ನು ಯಾರೂ ಒತ್ತಬಹುದು

ಇಲ್ಲಿಯೇ ತೊಡಕು ಆರಂಭವಾಗುವುದು. ಯಾವ ಗುರುತುಗಳಿರಬೇಕೆಂದು ಕೊಳ್ಳುವವನಿಗೆ ಕಲಿಸುವ ಗ್ರಂಥವೇ ನಕಲು ಮಾಡುವವನಿಗೂ ಕೈಪಿಡಿಯಾಗುತ್ತದೆ. ಅಕ್ಷರದ ಅಚ್ಚುಗಳು ಯಾವ ಪೇಟೆಯಲ್ಲಾದರೂ ಸಿಗುತ್ತವೆ. ಬ್ರಾಕೆಟ್ಟು, ಪ್ಯಾಡು, ಕೆನ್ನೆದಿಂಬು, ದೂರದರ್ಶಕದ ತಗಡಿನ ಡಬ್ಬಿ, ಸಾಗಣೆಯ ಮರದ ಪೆಟ್ಟಿಗೆ ಇವೆಲ್ಲದರ ಹೊಸ ಪ್ರತಿರೂಪಗಳು ಬಹಿರಂಗವಾಗಿಯೇ ಮಾರಾಟವಾಗುತ್ತವೆ. ಅವುಗಳನ್ನು ತಯಾರಿಸುವುದು ತಪ್ಪಲ್ಲ. ಕಳೆದುಹೋದ ಭಾಗಕ್ಕೆ ಬದಲಿ ಬೇಕಾದವರು ಕೊಳ್ಳುತ್ತಾರೆ. ಸಾಧಾರಣ ಬಂದೂಕಿಗೆ ಅವನ್ನು ಜೋಡಿಸಿ, ಮುದ್ರೆ ಒತ್ತಿ, ಯುದ್ಧಕಾಲದ ಚರಿತ್ರೆಯನ್ನು ಕಟ್ಟಿ ಮಾರುವಾಗ ಅಪರಾಧವಾಗುತ್ತದೆ.

ಹಾಗಾದರೆ ಪರೀಕ್ಷಕನು ಮಾಡುವುದೇನು? ಗುರುತು ಇದೆಯೇ ಎಂದು ನೋಡಿ ನಿಲ್ಲುವುದಿಲ್ಲ. ಗುರುತಿಗೂ ಅದರ ಸುತ್ತಲಿನ ಮೇಲ್ಮೈಗೂ ಇರುವ ಸಂಬಂಧವನ್ನು ನೋಡುತ್ತಾನೆ. ಅಚ್ಚಿನಿಂದ ಗುದ್ದಿದ ಅಕ್ಷರ ಲೋಹವನ್ನು ಪಕ್ಕಕ್ಕೆ ತಳ್ಳುತ್ತದೆ, ಅಂಚು ಅತಿ ಸೂಕ್ಷ್ಮವಾಗಿ ಉಬ್ಬುತ್ತದೆ; ಯಂತ್ರದಿಂದ ಕೊರೆದ ಅಕ್ಷರ ಲೋಹವನ್ನು ತೆಗೆದುಹಾಕುತ್ತದೆ, ಉಬ್ಬು ಇರುವುದಿಲ್ಲ. ಹತ್ತಾರು ವರ್ಷ ಕೈ ತಾಗಿ ಸವೆದ ಮೇಲ್ಮೈಯಲ್ಲಿ ಅಕ್ಷರದ ಅಂಚು ಮಾತ್ರ ಚೂಪಾಗಿ ಉಳಿದಿದ್ದರೆ, ಸವೆತದ ನಂತರ ಅಕ್ಷರ ಬಂದಿದೆ ಎಂದೇ ಅರ್ಥ. ಬಟ್ಟಿನ ಮರವನ್ನು ಉಜ್ಜುಕಾಗದದಿಂದ ಆಳವಾಗಿ ತಿಕ್ಕಿ ನುಣುಪು ಮಾಡಿರುವುದು ಕಂಡುಬಂದಲ್ಲಿ, ಅದರ ಮೇಲಿನ ಹಳೆಯ ಮುದ್ರೆಯೂ ಅಷ್ಟೇ ತೆಳುವಾಗಿರಬೇಕು. ಮರ ತಿಕ್ಕಿದೆ, ಮುದ್ರೆ ಮಾತ್ರ ಆಳವಾಗಿದೆ ಎಂದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ಸ್ಕ್ರೂವಿನ ಅಂಚನ್ನು ಗುದ್ದಿದ ಜಾಗ, ಪ್ಯಾಡಿನ ಸುತ್ತಲಿನ ಬಣ್ಣ, ಬ್ರಾಕೆಟ್ಟು ಉಜ್ಜಿ ಬಿದ್ದ ಗೀರು ಇವೆಲ್ಲ ಒಂದೇ ವಯಸ್ಸಿನವಾಗಿರಬೇಕು.

ನಮ್ಮ ವೃತ್ತಿಯಲ್ಲಿಯೂ ಇದೇ ಕ್ರಮ. ಬರೀ ರಸೀತಿ ಇದೆಯೇ ಎಂದು ನೋಡುವುದು ಪರಿಶೋಧನೆಯಲ್ಲ. ಆ ರಸೀತಿಯ ಸರಕು ಲಾರಿಯಲ್ಲಿ ಬಂತೇ, ತೂಕದ ಚೀಟಿಯಲ್ಲಿ ಕಂಡಿತೇ, ದಾಸ್ತಾನು ಪುಸ್ತಕಕ್ಕೆ ಇಳಿಯಿತೇ, ಬ್ಯಾಂಕಿನಿಂದ ಹಣ ಹೋಯಿತೇ ಎಂದು ತಾಳೆ ನೋಡುವುದು ಪರಿಶೋಧನೆ. ಒಂದು ಕಾಗದವನ್ನು ತಿದ್ದುವುದು ಸುಲಭ; ಬೇರೆ ಬೇರೆ ಕೈಗಳಲ್ಲಿ ಹುಟ್ಟಿದ ಐದು ಕಾಗದಗಳನ್ನು ಒಂದೇ ಕಾಲದಲ್ಲಿ ಒಂದೇ ಸುಳ್ಳಿಗೆ ಒಪ್ಪಿಸುವುದು ಕಷ್ಟ. ಪರಿಶೋಧನಾ ಪುರಾವೆಗೆ ಸಂಬಂಧಿಸಿದ ಮಾನಕ 500, ಸಂಸ್ಥೆಯ ಹೊರಗಿನ ಸ್ವತಂತ್ರ ಮೂಲದಿಂದ ಬಂದ ಪುರಾವೆ ಸಾಮಾನ್ಯವಾಗಿ ಹೆಚ್ಚು ವಿಶ್ವಾಸಾರ್ಹವೆಂದು ಹೇಳುತ್ತದೆ. ಸತ್ಯಂ ಪ್ರಕರಣವನ್ನು ನೆನೆಯಿರಿ. 2009ರ ಜನವರಿ 7ರಂದು ಆ ಕಂಪನಿಯ ಅಧ್ಯಕ್ಷರೇ ಬರೆದ ಪತ್ರದ ಪ್ರಕಾರ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಪುಸ್ತಕದೊಳಗೆ ಅಂಕಿಗಳು ಪರಸ್ಪರ ತಾಳೆಯಾಗಿದ್ದವು. ಹೊರಗಿನ ವಾಸ್ತವದೊಂದಿಗೆ ತಾಳೆಯಾಗಿರಲಿಲ್ಲ.

ಗುರುತು ಇರುವುದು ಮತ್ತು ಇಲ್ಲದಿರುವುದು

ಅನನುಭವಿ ಪರೀಕ್ಷಕನು ಎರಡು ಬಗೆಯಲ್ಲಿ ಎಡವುತ್ತಾನೆ. ಗುರುತು ಇದ್ದರೆ ಅಸಲಿ ಎನ್ನುವುದು ಮೊದಲನೆಯದು. 'ಟಿಆರ್' ಮುದ್ರೆಯನ್ನೇ ತೆಗೆದುಕೊಳ್ಳೋಣ. ಅದು ಹೇಳುವುದು ಬಂದೂಕನ್ನು ಪರಿವರ್ತನೆಗಾಗಿ ಆರಿಸಲಾಗಿತ್ತು ಎಂದಷ್ಟೇ. ಆರಿಸಿದ ನಂತರ ಪರಿವರ್ತನೆಯಾಗದೆ ಉಳಿದ ಬಂದೂಕುಗಳೂ ಉಂಟು. ಅಂತಹದ್ದಕ್ಕೆ ಈಚೆಗೆ ಪ್ಯಾಡು ಕೂರಿಸಿದರೆ, ಮುದ್ರೆ ಅಸಲಿ, ಬಂದೂಕು ಅಸಲಿ, ಆದರೆ ಹೇಳುವ ಕಥೆ ನಕಲಿ. ಮಂಜೂರಾದ ಸಾಲವೆಲ್ಲ ಬಿಡುಗಡೆಯಾದ ಸಾಲವಲ್ಲ ಎಂಬುದನ್ನು ಬಲ್ಲ ನಮ್ಮ ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗುರುತು ಇಲ್ಲದಿದ್ದರೆ ನಕಲಿ ಎನ್ನುವುದು ಎರಡನೆಯದು. ಸೇನೆಯ ಬಂದೂಕು ಗಾಜಿನ ಕಪಾಟಿನಲ್ಲಿ ಕುಳಿತದ್ದಲ್ಲ. ಯುದ್ಧಾನಂತರ ಅನೇಕ ಬಂದೂಕುಗಳು ಕಾರ್ಖಾನೆಯ ಸಮಗ್ರ ದುರಸ್ತಿಗೆ ಹೋದವು. ಬಟ್ಟು ಒಡೆದರೆ ಬೇರೆ ಬಟ್ಟು ಹಾಕಿದರು. ಅದರೊಂದಿಗೆ 'ಎಸ್51' ಗುರುತೂ ಹೋಯಿತು. ದೂರದರ್ಶಕ ಕೆಟ್ಟಾಗ ಬೇರೊಂದನ್ನು ಹೊಂದಿಸಿ, ಹಳೆಯ ಸಂಖ್ಯೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸದನ್ನು ಒತ್ತಿದ ಬಟ್ಟುಗಳು ಕಂಡುಬರುತ್ತವೆ. ನೋಡಲು ಅಂದವಲ್ಲ. ಆದರೆ ಅಂತಹ ಹೊಡೆದುಹಾಕಿದ ಸಂಖ್ಯೆಯು ನನ್ನ ದೃಷ್ಟಿಯಲ್ಲಿ ಒಂದು ಪ್ರಾಮಾಣಿಕ ದಾಖಲೆ. ಹಳೆಯ ಕಿರ್ದಿ ಪುಸ್ತಕದಲ್ಲಿ ತಪ್ಪು ಅಂಕಿಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ಗುಮಾಸ್ತೆ ಸಹಿ ಹಾಕುತ್ತಿದ್ದ. ಅಳಿಸುತ್ತಿರಲಿಲ್ಲ. ಪರಿಶೋಧಕನಿಗೆ ಅನುಮಾನ ಬರುತ್ತಿದ್ದುದು ಒಂದೂ ತಿದ್ದುಪಡಿಯಿಲ್ಲದೆ, ಒಂದೇ ಶಾಯಿಯಲ್ಲಿ, ಒಂದೇ ಸಲ ಕುಳಿತು ಬರೆದಂತಿರುವ ಪುಸ್ತಕದ ಮೇಲೆ.

ಇದು ಬ್ರಿಟಿಷ್ ಬಂದೂಕಿಗೆ ಮಾತ್ರ ಸೀಮಿತವಲ್ಲ. ಸೋವಿಯತ್ ರಷ್ಯಾದ ಮೋಸಿನ್-ನಗಾಂತ್ ಸ್ನೈಪರ್ ಬಂದೂಕುಗಳಲ್ಲಿ ಅನೇಕವನ್ನು ಅಲ್ಲಿಯ ಶಸ್ತ್ರಾಗಾರಗಳೇ ದೂರದರ್ಶಕ ಕಳಚಿ, ತೂತುಗಳನ್ನು ಮುಚ್ಚಿ, ಸಾಧಾರಣ ಬಂದೂಕುಗಳನ್ನಾಗಿಸಿದವು. ಮುಚ್ಚಿದ ತೂತಿನ ಕಲೆ ಅಲ್ಲಿ ದೋಷವಲ್ಲ, ಹಿಂದೊಮ್ಮೆ ಅದು ಸ್ನೈಪರ್ ಆಗಿತ್ತೆಂಬುದರ ಸಾಕ್ಷಿ.

ತಪ್ಪು ಮಾರುಕಟ್ಟೆಯದೂ ಹೌದು

ನನ್ನ ಮುಖ್ಯ ಅಭಿಪ್ರಾಯವನ್ನು ಇಲ್ಲಿ ಹೇಳಬೇಕಾಗಿದೆ. ನಕಲಿಗೆ ಮಾರಾಟಗಾರನ ದುರಾಸೆ ಎಷ್ಟು ಕಾರಣವೋ, ಕೊಳ್ಳುವವನ ತಪ್ಪು ಮಾನದಂಡವೂ ಅಷ್ಟೇ ಕಾರಣ. ವಾಸ್ತವವಾಗಿ ಈ ಬಂದೂಕುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಬಂದೂಕು, ಬ್ರಾಕೆಟ್ಟು, ದೂರದರ್ಶಕ ಮೂರೂ ಮೊದಲಿನಿಂದ ಜೊತೆಯಾಗಿಯೇ ಉಳಿದವು ಮೊದಲನೆಯ ವರ್ಗ. ಬಂದೂಕು ಅಸಲಿ 'ಟಿ', ಆದರೆ ಮೂಲ ದೂರದರ್ಶಕ ಕಳೆದುಹೋಗಿ ಅದೇ ಕಾಲದ ಬೇರೊಂದನ್ನು ಜೋಡಿಸಿದ್ದು ಎರಡನೆಯ ವರ್ಗ. ಸಾಧಾರಣ ಬಂದೂಕನ್ನು 'ಟಿ' ಆಗಿಸಿದ್ದು ಮೂರನೆಯ ವರ್ಗ.

ಮಾರುಕಟ್ಟೆಯು ಮೊದಲನೆಯ ವರ್ಗಕ್ಕೆ ಅತಿ ಹೆಚ್ಚು ಬೆಲೆ ಕೊಡುತ್ತದೆ, ಎರಡನೆಯದನ್ನು ಸಂಖ್ಯೆ ತಾಳೆಯಾಗದು ಎಂಬ ಒಂದೇ ಮಾತಿನಿಂದ ಬಹಳ ಕೆಳಗಿಳಿಸುತ್ತದೆ. ಪರಿಣಾಮವೇನು? ಎರಡನೆಯ ವರ್ಗದ ಬಂದೂಕಿನ ಒಡೆಯನಿಗೆ ಪ್ರಾಮಾಣಿಕತೆ ದುಬಾರಿಯಾಗುತ್ತದೆ. ಬ್ರಾಕೆಟ್ಟಿನ ಹಳೆಯ ಸಂಖ್ಯೆಯನ್ನು ಉಜ್ಜಿ ಹೊಸದನ್ನು ಒತ್ತುವ ಆಸೆ ಹುಟ್ಟುತ್ತದೆ. ಹಾಗೆ ಒತ್ತಿದ ಕ್ಷಣದಲ್ಲಿ ಎರಡು ಚರಿತ್ರೆಗಳು ನಾಶವಾಗುತ್ತವೆ: ಈ ಬಂದೂಕಿನದು ಒಂದು, ಆ ಬ್ರಾಕೆಟ್ಟು ಹಿಂದೆ ಸೇರಿದ್ದ ಬಂದೂಕಿನದು ಇನ್ನೊಂದು. ಎಲ್ಲೋ ಒಂದೆಡೆ ಉಳಿದಿರಬಹುದಾದ ಆ ಜೋಡಿ ಮತ್ತೆಂದೂ ಸೇರಲಾರದು. ಸಂಖ್ಯೆ ಸೇರದ ಪ್ರಾಮಾಣಿಕ ವಸ್ತುವಿಗೆ ದಂಡ, ಸಂಖ್ಯೆ ಸೇರಿಸಿದ ಅಪ್ರಾಮಾಣಿಕ ವಸ್ತುವಿಗೆ ಬಹುಮಾನ ಎಂಬ ನಿಯಮವಿರುವ ಯಾವ ಪೇಟೆಯಲ್ಲಿಯೂ ಕೊನೆಗೆ ಉಳಿಯುವುದು ಅಪ್ರಾಮಾಣಿಕ ಸರಕೇ.

ನಮ್ಮ ಪೇಟೆಯಲ್ಲಿ ಈ ನಿಯಮವಿಲ್ಲವೇ? ಮುಗ್ಗಲು ವರ್ಷದ ನಷ್ಟವನ್ನು ನಷ್ಟವೆಂದೇ ತೋರಿಸಿದ ಸಣ್ಣ ಕೈಗಾರಿಕೋದ್ಯಮಿಯ ಸಾಲದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಅಂಕಿಗಳನ್ನು ನಯಗೊಳಿಸಿದವನದು ಬೇಗ ಮುಂದೆ ಹೋಗುತ್ತದೆ. ನಾವು ನಯವಾದ ಲೆಕ್ಕವನ್ನೇ ಕೇಳುತ್ತಿದ್ದರೆ ನಮಗೆ ಸಿಗುವುದೂ ನಯಗೊಳಿಸಿದ ಲೆಕ್ಕವೇ.

ವರ್ತಕರೇ ಬೇಡಿ ಪಡೆದ ಪರೀಕ್ಷೆ

ಬಂದೂಕಿನ ವ್ಯಾಪಾರದಲ್ಲಿ ಅನುಕರಣೀಯವಾದ ಒಂದು ವ್ಯವಸ್ಥೆಯೂ ಇದೆ. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿ ರಾಜಸನ್ನದು ದೊರೆಯಿತು. ನಳಿಗೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸವನ್ನು ಅದು ನಿರ್ವಹಿಸುತ್ತ ಬಂದಿದೆ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಪ್ರೂಫ್ ಹೌಸ್ ಸ್ಥಾಪನೆಯಾದದ್ದು ಅಲ್ಲಿನ ಬಂದೂಕು ವರ್ತಕರ ಕೋರಿಕೆಯ ಮೇಲೆ, ಅವರದೇ ಖರ್ಚಿನಲ್ಲಿ. ಕಳಪೆ ನಳಿಗೆ ಸಿಡಿದು ಒಬ್ಬ ಗ್ರಾಹಕ ಗಾಯಗೊಂಡರೆ ಇಡೀ ಊರಿನ ವ್ಯಾಪಾರದ ಹೆಸರು ಕೆಡುತ್ತದೆಂದು ಅವರು ಅರಿತಿದ್ದರು. ಸರಕಾರ ಹೇರಿದ ನಿಯಮವನ್ನು ಸಹಿಸಿಕೊಳ್ಳುವುದು ಬೇರೆ, ವರ್ತಕರೇ ಮುಂದಾಗಿ ನಿಯಮವನ್ನು ಬೇಡುವುದು ಬೇರೆ.

ಹಾಗೆಂದು ಪ್ರೂಫ್ ಮುದ್ರೆಯು ಎಲ್ಲವನ್ನೂ ಹೇಳುವುದಿಲ್ಲ. ನಿಗದಿತ ಒತ್ತಡವನ್ನು ನಳಿಗೆ ತಾಳಿಕೊಂಡಿತು ಎಂದಷ್ಟೇ ಅದು ಹೇಳುತ್ತದೆ; ಇದು ಅಸಲಿ ಸ್ನೈಪರ್ ಎಂದು ಹೇಳುವುದಿಲ್ಲ. ಪ್ರಮಾಣಪತ್ರವನ್ನು ಓದುವವನು ಅದು ಏನನ್ನು ಪ್ರಮಾಣೀಕರಿಸಿದೆ ಎನ್ನುವಷ್ಟೇ ಗಮನವನ್ನು ಏನನ್ನು ಪ್ರಮಾಣೀಕರಿಸಿಲ್ಲ ಎನ್ನುವುದಕ್ಕೂ ಕೊಡಬೇಕು. ನಮ್ಮ ಲೆಕ್ಕಪರಿಶೋಧನಾ ವರದಿಗೂ ಈ ಮಾತು ಅನ್ವಯಿಸುತ್ತದೆ. ಪರಿಶೋಧಕನು ದಾಖಲೆಗಳ ನೈಜತೆಯನ್ನು ಪತ್ತೆಹಚ್ಚುವ ತಜ್ಞನಲ್ಲವೆಂದು ಮಾನಕಗಳೇ ಒಪ್ಪುತ್ತವೆ. ಆದರೆ ಅನುಮಾನಕ್ಕೆ ಕಾರಣ ಕಂಡಾಗ ಕಣ್ಣು ಮುಚ್ಚಿ ಮುಂದೆ ಹೋಗಲು ಅವೇ ಮಾನಕಗಳು ಅನುಮತಿ ನೀಡುವುದಿಲ್ಲ.

ನಮ್ಮ ಮುಂದಿರುವ ಕರ್ತವ್ಯ

ಮೂಲವನ್ನು ಪ್ರಮಾಣೀಕರಿಸುವ ಕೆಲಸ ವಾಣಿಜ್ಯ ಸಂಸ್ಥೆಗಳಿಗೆ ಹೊರಗಿನದಲ್ಲ. ರಫ್ತು ಸರಕಿಗೆ ಆದ್ಯತೆಯೇತರ ಮೂಲ ಪ್ರಮಾಣಪತ್ರ ನೀಡುವ ಅಧಿಕಾರ ದೇಶದ ಅನೇಕ ವಾಣಿಜ್ಯ ಮಂಡಳಿಗಳಿಗಿದೆ. ಈ ಸರಕು ಭಾರತದ್ದು ಎಂದು ಮಂಡಳಿ ಮುದ್ರೆ ಒತ್ತಿದಾಗ, ದೂರದ ಬಂದರಿನ ಅಧಿಕಾರಿ ನಮ್ಮ ಮಾತನ್ನು ನಂಬುತ್ತಾನೆ. ಆ ಮುದ್ರೆಯ ಹಿಂದೆ ಕೆಲಸವಿದೆಯೇ, ಅಥವಾ ಸದಸ್ಯನ ಸ್ವಯಂ ಘೋಷಣೆಯ ಮೇಲೆ ಇನ್ನೊಂದು ಶಾಯಿಯಷ್ಟೇ ಇದೆಯೇ?

ಕಾನೂನು ಆಗಲೇ ಈ ದಿಕ್ಕಿನಲ್ಲಿ ನಡೆದಿದೆ. ವ್ಯಾಪಾರ ಒಪ್ಪಂದಗಳ ರಿಯಾಯಿತಿ ಸುಂಕದಲ್ಲಿ ಆಮದು ಮಾಡುವವರಿಗೆ 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಸೀಮಾಸುಂಕ ನಿಯಮಗಳ ಪ್ರಕಾರ, ವಿದೇಶದಿಂದ ಬಂದ ಪ್ರಮಾಣಪತ್ರವೊಂದೇ ಸಾಕಾಗುವುದಿಲ್ಲ. ಸರಕು ಹೇಗೆ ಆ ದೇಶದ್ದಾಯಿತು ಎಂಬ ಮಾಹಿತಿಯನ್ನು ಆಮದುದಾರನೇ ಹೊಂದಿರಬೇಕು, ಐದು ವರ್ಷ ಕಾಪಾಡಬೇಕು. ಚಿನ್ನಾಭರಣಗಳಲ್ಲಿಯೂ 2023ರ ಏಪ್ರಿಲ್ 1ರಿಂದ ಆರು ಅಂಕಾಕ್ಷರಗಳ ಹಾಲ್‌ಮಾರ್ಕ್ ಸಂಖ್ಯೆ ಇಲ್ಲದೆ ಹಾಲ್‌ಮಾರ್ಕ್ ಆಭರಣ ಮಾರುವಂತಿಲ್ಲ. ಈ ಸಂಖ್ಯೆಯ ಶಕ್ತಿ ಇರುವುದು ಆಭರಣದ ಮೇಲೆ ಕೊರೆದಿರುವುದರಲ್ಲಲ್ಲ. ಮಾರಾಟಗಾರನ ಕೈಗೆ ಸಿಗದ ದಾಖಲೆಯಲ್ಲಿ ಅದು ನಮೂದಾಗಿರುವುದರಲ್ಲಿ. ಗ್ರಾಹಕ ತಾನೇ ಅಲ್ಲಿ ಹೋಗಿ ತಾಳೆ ನೋಡಬಹುದು. ಹಳೆಯ ಬಂದೂಕಿನ ಸಂಖ್ಯೆಗೆ ಈ ಅನುಕೂಲವಿಲ್ಲ. ಅದರ ಎರಡು ಸಂಖ್ಯೆಗಳೂ ಮಾರುವವನ ಮೇಜಿನ ಮೇಲೆಯೇ ಇರುತ್ತವೆ.

ಈ ಹಿನ್ನೆಲೆಯಲ್ಲಿ ಸದಸ್ಯರ ಪರಿಶೀಲನೆಗಾಗಿ ನಾಲ್ಕು ಸಲಹೆಗಳನ್ನು ಮುಂದಿಡುತ್ತೇನೆ.

ಒಂದು, ಹಳೆಯ ಯಂತ್ರ, ಪುರಾತನ ವಸ್ತು, ಬ್ರಾಂಡಿನ ಬಿಡಿಭಾಗ ಯಾವುದನ್ನೇ ಕೊಳ್ಳುವಾಗ ಮಾರುವವನು ಬರೆದುಕೊಟ್ಟ ದೃಢೀಕರಣವನ್ನು ಪುರಾವೆಯೆಂದು ಎಣಿಸಬಾರದು. ಅದು ಹೇಳಿಕೆ ಮಾತ್ರ. ಅದರ ಬೆಲೆ, ವಸ್ತು ಸುಳ್ಳಾದಲ್ಲಿ ಹಣ ಹಿಂದಿರುಗಿಸುವ ಲಿಖಿತ ಷರತ್ತಿನಷ್ಟೇ.

ಎರಡು, ಬದಲಾದ ಭಾಗವನ್ನು, ದುರಸ್ತಿಯನ್ನು, ಕಾಣೆಯಾದ ದಾಖಲೆಯನ್ನು ತಾನಾಗಿ ತಿಳಿಸುವ ಮಾರಾಟಗಾರನಿಗೆ ನ್ಯಾಯವಾದ ಬೆಲೆ ಕೊಡಬೇಕು. ಬಹಿರಂಗಪಡಿಸಿದ ಕೊರತೆ ವ್ಯಾಪಾರದ ಮಾತು. ಮುಚ್ಚಿಟ್ಟ ಕೊರತೆ ಮೋಸ.

ಮೂರು, ಪರೀಕ್ಷಿಸುವವನು ವ್ಯವಹಾರದಿಂದ ದೂರವಿರಬೇಕು. ಮಾರಾಟವಾದರೆ ಮಾತ್ರ ಶುಲ್ಕ ಸಿಗುವ ತಜ್ಞನ ಅಭಿಪ್ರಾಯವನ್ನು ಮಾರಾಟಗಾರನ ಅಭಿಪ್ರಾಯವೆಂದೇ ಓದಬೇಕು.

ನಾಲ್ಕು, ನಮ್ಮ ಸಂಸ್ಥೆ ನೀಡುವ ಮೂಲ ಪ್ರಮಾಣಪತ್ರಗಳಲ್ಲಿ ಪ್ರತಿವರ್ಷ ಕೆಲವನ್ನಾದರೂ ಆರಿಸಿ, ಕಚ್ಚಾ ಸರಕಿನ ಖರೀದಿಯಿಂದ ಹಿಡಿದು ರವಾನೆಯವರೆಗೆ ಕಾರ್ಖಾನೆಗೇ ಹೋಗಿ ತಾಳೆ ನೋಡುವ ಪದ್ಧತಿಯನ್ನು ಆರಂಭಿಸಬೇಕು. ವೆಚ್ಚವನ್ನು ಪ್ರಮಾಣಪತ್ರದ ಶುಲ್ಕದಲ್ಲಿಯೇ ಸೇರಿಸಬಹುದು. ಇದರಿಂದ ಕೆಲವು ಸದಸ್ಯರಿಗೆ ಕಿರಿಕಿರಿಯಾಗಬಹುದು. ಆದರೆ ಪರೀಕ್ಷೆಗೆ ಒಳಗಾಗದ ಮುದ್ರೆಯ ಬೆಲೆ ಇಳಿದಾಗ ನಷ್ಟವಾಗುವುದು ಪ್ರಾಮಾಣಿಕ ರಫ್ತುದಾರನಿಗೇ.

ಹಾಲೆಂಡ್ ಅಂಡ್ ಹಾಲೆಂಡ್ ಕಾರ್ಯಾಗಾರದ ಕುಶಲಕರ್ಮಿಗಳು 'ಎಸ್51' ಎಂದು ಒತ್ತಿದಾಗ ಮುಂದೊಂದು ದಿನ ಅದಕ್ಕೆ ಬೆಲೆ ಬರುವುದೆಂದು ತಿಳಿದು ಒತ್ತಲಿಲ್ಲ. ಕೆಲಸ ಮುಗಿಯಿತು, ಸರಿಯಾಗಿದೆ, ಜವಾಬ್ದಾರಿ ನಮ್ಮದು ಎಂಬುದಷ್ಟೇ ಆ ಗುರುತಿನ ಅರ್ಥವಾಗಿತ್ತು. ಎಂಬತ್ತು ವರ್ಷಗಳ ನಂತರವೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಿರುವುದು ಆ ಕೆಲಸ ನಿಜವಾಗಿಯೂ ನಡೆದಿತ್ತೆಂಬ ಕಾರಣಕ್ಕೆ. ನಮ್ಮ ಮಂಡಳಿಯ ಮುದ್ರೆಗೂ ಅಂತಹ ಅರ್ಥ ಇರಬೇಕಾದರೆ, ಮೊದಲು ಅದರ ಹಿಂದೆ ಅಂತಹ ಕೆಲಸ ಇರಬೇಕು.